ಸುಗ್ಗಿ, ಡಮಾಮಿ, ಗೆಡ್ಡೆ ಮೇಳ: ಉತ್ತರ ಕನ್ನಡದ ಬುಡಕಟ್ಟು ಹಬ್ಬಗಳಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಅಂಕೋಲಾ ತಾಲೂಕಿನಲ್ಲಿದೆ. ನಾನು ಹಾಲಕ್ಕಿ ಒಕ್ಕಲಿಗ ಸಮುದಾಯದವನಲ್ಲ, ಅವರ ಕೊಪ್ಪದ, ಅಂದರೆ ಕೇರಿಯ, ಪಕ್ಕದಲ್ಲಿ ಬೆಳೆದವನು. ಹೋಳಿ ಹತ್ತಿರ ಬಂತು ಅಂದರೆ ಬೆಂಗಳೂರು, ಹುಬ್ಬಳ್ಳಿ, ಮೈಸೂರಿನಿಂದ ಸ್ನೇಹಿತರ ಫೋನು ಶುರುವಾಗುತ್ತದೆ. ಅವರ ಸ್ನೇಹಿತರು, ಆ ಸ್ನೇಹಿತರ ಕಚೇರಿಯವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಒಂದೇ ಕಡೆ ಬರೆದಿಟ್ಟರೆ ಅವರಿಗೂ ಅನುಕೂಲ, ಹಬ್ಬ ಮಾಡುವವರಿಗೂ ತೊಂದರೆ ಕಮ್ಮಿ ಆಗುತ್ತದೆ ಅನ್ನಿಸಿತು.

ಸುಗ್ಗಿ ಕುಣಿತ ಯಾವಾಗ ನಡೆಯುತ್ತದೆ?

ಹೋಳಿ ಹುಣ್ಣಿಮೆಯನ್ನು ಗುರುತಿಟ್ಟುಕೊಳ್ಳಿ. ಅದಕ್ಕೆ ಕೆಲವು ದಿನ ಮೊದಲೇ ಹಾಲಕ್ಕಿ ಒಕ್ಕಲಿಗರ ತಂಡಗಳು ಮನೆ ಮನೆ ತಿರುಗಿ ಕುಣಿಯುವುದಕ್ಕೆ ಹೊರಡುತ್ತವೆ. ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್. ಇಂಗ್ಲಿಷ್ ತಾರೀಖು ಪ್ರತಿ ವರ್ಷ ಬದಲಾಗುತ್ತದೆ, ಆದ್ದರಿಂದ ಪಂಚಾಂಗ ನೋಡಿ ರೈಲು ಬುಕ್ ಮಾಡಿ.

ಎಲ್ಲ ಊರಿನ ತಂಡವೂ ಒಂದೇ ದಿನ ಹೊರಡುವುದಿಲ್ಲ. ಯಾವ ಸೀಮೆಯಲ್ಲಿ ಯಾವ ದಿನ, ಯಾವ ದೇವರಿಗೆ ಪೂಜೆ ಮಾಡಿ ಹೊರಡಬೇಕು ಅನ್ನುವುದನ್ನು ಊರಗೌಡರು ಮತ್ತು ಹಿರಿಯರು ಕೂತು ಮಾತಾಡಿಕೊಳ್ಳುತ್ತಾರೆ. ಹಾಗಾಗಿ ಒಂದೇ ದಿನಕ್ಕೆ ಬಂದು ಹೋಗುವ ಲೆಕ್ಕ ಹಾಕಬೇಡಿ. ಹುಣ್ಣಿಮೆಯ ಹಿಂದಿನ ಮೂರ್ನಾಲ್ಕು ದಿನ ಕೈಯಲ್ಲಿರಲಿ.

ಟಿಕೆಟ್ ಇದೆಯಾ?

ಇಲ್ಲ. ಯಾರಾದರೂ ಸುಗ್ಗಿ ಹೆಸರಿನಲ್ಲಿ ಟಿಕೆಟ್ ಮಾರಿದರೆ ಕೊಳ್ಳಬೇಡಿ.

ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ?

ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಸುಗ್ಗಿಯನ್ನು ಹುಡುಕಿಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ. ಸುಗ್ಗಿಯೇ ಮನೆಗೆ ಬರುತ್ತದೆ. ಬೆಳಿಗ್ಗೆ ಅಮ್ಮ ಅಂಗಳಕ್ಕೆ ಸೆಗಣಿ ಸಾರಿಸಿ, ತುಳಸಿ ಕಟ್ಟೆ ಎದುರು ರಂಗೋಲಿ ಹಾಕಿ, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಕಾಯುತ್ತಾಳೆ. ಮೊದಲು ಕೇಳಿಸುವುದು ಜಾಗಟೆ. ಆಮೇಲೆ ಗದ್ದೆ ಬಯಲಿನ ಆಚೆಯಿಂದ ಗುಮಟೆ ಅನ್ನುವ ಮಣ್ಣಿನ ವಾದ್ಯದ ದನಿ. ಕಾಲುಹಾದಿಯ ತಿರುವಿನಲ್ಲಿ ಬಣ್ಣ ಬಣ್ಣದ ತುರಾಯಿಗಳು ತೂಗಾಡುತ್ತ ಬರುವುದು ಕಾಣುತ್ತದೆ. ಕುಣಿಯುವವರ ಮುಖ ಇನ್ನೂ ಕಂಡಿರುವುದಿಲ್ಲ.

ತುರಾಯಿ ಅಂದರೆ ತಲೆಗೆ ಕಟ್ಟುವ ಹೂವಿನ ಗೋಪುರ. ಬೆಂಡು, ಬಣ್ಣದ ಕಾಗದ, ಬೇಗಡೆಯಿಂದ ಮಾಡಿದ ಹೂವುಗಳು, ಅವುಗಳ ನಡುವೆ ಪುಟ್ಟ ಪುಟ್ಟ ಹಕ್ಕಿಗಳು. ಕುಣಿಯುವಾಗ ಒಂದೊಂದು ಹಕ್ಕಿಯೂ ಬೇರೆ ಬೇರೆಯಾಗಿ ಅಲುಗುತ್ತದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನವಿಲುಗರಿಯ ಕುಂಚ. ಬರಿಗಾಲು. ಮಾರ್ಚ್ ತಿಂಗಳ ಮಧ್ಯಾಹ್ನದ ಬಿಸಿಲಲ್ಲಿ ನಮ್ಮ ಅಂಗಳದ ಕಲ್ಲು ಕಾದಿರುತ್ತದೆ, ಆದರೂ ಸುತ್ತು ತಪ್ಪುವುದಿಲ್ಲ. ಒಂದು ವರ್ಷ ತಂಡದಲ್ಲಿ ಅದೇ ಮೊದಲು ಕುಣಿಯುತ್ತಿದ್ದ ಹುಡುಗನೊಬ್ಬನಿದ್ದ. ತುರಾಯಿ ಬಿಗಿದ ಹಗ್ಗ ಗಲ್ಲದ ಕೆಳಗೆ ಕೆಂಪಗೆ ಗೆರೆ ಮೂಡಿಸಿತ್ತು. ಅವನ ಹಿಂದಿದ್ದ ಹಿರಿಯರು ಕುಣಿತದ ನಡುವೆಯೇ ಬೆರಳು ತೂರಿಸಿ ಹಗ್ಗ ಸಡಿಲ ಮಾಡಿ, ಒಂದು ಹೆಜ್ಜೆಯೂ ತಪ್ಪದೆ ತಮ್ಮ ಜಾಗಕ್ಕೆ ಹೋದರು. ತಂಡ ಹೊರಟ ಮೇಲೆ ಅಂಗಳದಲ್ಲಿ ಒಂದು ಬೇಗಡೆ ಹೂವು ಬಿದ್ದಿತ್ತು. ಅಮ್ಮ ಅದನ್ನು ಎತ್ತಿ ಮಾಡಿನ ಸಂದಿಗೆ ಸಿಕ್ಕಿಸಿದಳು. ಈಗಲೂ ಅಲ್ಲೇ ಇದೆ.

ಇದನ್ನೆಲ್ಲ ರಸ್ತೆ ಬದಿ ಕಾರು ನಿಲ್ಲಿಸಿ ನೋಡಲಾಗುವುದಿಲ್ಲ. ಅಂಕೋಲಾ, ಕುಮಟಾ, ಹೊನ್ನಾವರ, ಕಾರವಾರದ ಹಳ್ಳಿಗಳಲ್ಲಿ ನಿಮಗೆ ಪರಿಚಯದವರು ಯಾರಾದರೂ ಇದ್ದರೆ, ಅವರ ಮನೆ ಜಗಲಿಯಲ್ಲಿ ಕೂರುವುದಕ್ಕೆ ಕೇಳಿಕೊಳ್ಳಿ. ಪರಿಚಯ ಇಲ್ಲ ಅಂದರೆ ಉಳಿದುಕೊಂಡ ಹೋಂಸ್ಟೇಯವರನ್ನು ಕೇಳಿ, ಅವರ ಮನೆಗೂ ತಂಡ ಬರುತ್ತಿರಬಹುದು. ಪೇಟೆಯಲ್ಲೂ ತಂಡಗಳು ಅಂಗಡಿ, ಕಚೇರಿಗಳ ಮುಂದೆ ಕುಣಿಯುತ್ತವೆ. ಅದನ್ನು ಯಾರು ಬೇಕಾದರೂ ನಿಂತು ನೋಡಬಹುದು. ಆದರೆ ಅಂಗಳದ ಸುಗ್ಗಿಯೇ ಸುಗ್ಗಿ.

ತಂಡದವರಿಗೆ ದುಡ್ಡು ಕೊಡಬೇಕಾ? ಎಷ್ಟು?

ಕೊಡಿ, ಆದರೆ ಕೈಗೆ ತುರುಕಬೇಡಿ. ಮನೆಯವರು ಮೊರ ಅಥವಾ ಹರಿವಾಣ ಹಿಡಿದು ಬಂದಾಗ, ಕಾಯಿ ಮತ್ತು ಎಲೆ ಅಡಿಕೆಯ ಜೊತೆ ನಿಮ್ಮದನ್ನೂ ಇಡಿ. ಇಷ್ಟೇ ಅಂತ ದರ ಇಲ್ಲ. ದುಡ್ಡು ಇಡುವಾಗ ಚಪ್ಪಲಿ ಬಿಟ್ಟಿರಿ.

"ಐನೂರು ಕೊಡ್ತೇವೆ, ಇನ್ನೊಂದು ಸಲ ಕುಣೀರಿ, ವಿಡಿಯೊ ಸರಿ ಬರ್ಲಿಲ್ಲ" ಅಂತ ಹೇಳಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಕೇಳಬೇಡಿ. ಅವರು ಆ ದಿನಗಳಲ್ಲಿ ವ್ರತ ಹಿಡಿದವರ ಹಾಗೆ ಇರುತ್ತಾರೆ. ದೇವರ ಕೆಲಸ ಮಾಡುವವರ ಹತ್ತಿರ "ಇನ್ನೊಂದು ಸಲ ಮಾಡಿ" ಅಂತ ಕೇಳಿದರೆ ಹೇಗನ್ನಿಸುತ್ತದೆ, ಯೋಚಿಸಿ.

ಅಂಕೋಲೆಯ ಹಗರಣ ಅಂದರೆ ಏನು?

ಸುಗ್ಗಿಯ ಕೊನೆಯಲ್ಲಿ ನಡೆಯುವ ಅಣಕು ವೇಷಗಳ ಮೆರವಣಿಗೆ. ಆ ವರ್ಷ ಊರಲ್ಲಿ, ದೇಶದಲ್ಲಿ ಏನೇನು ನಡೆಯಿತೋ ಅದೆಲ್ಲ ವೇಷವಾಗಿ ಬರುತ್ತದೆ. ಅಧಿಕಾರದಲ್ಲಿರುವವರನ್ನೂ ಬಿಡುವುದಿಲ್ಲ. ತಮಾಷೆ ಪೂರ್ತಿ ಅರ್ಥವಾಗಬೇಕಾದರೆ ಪಕ್ಕದಲ್ಲಿ ಊರಿನವರೊಬ್ಬರು ಇರಬೇಕು.

ಇಲ್ಲಿ ಯಾವ ಯಾವ ಸಮುದಾಯಗಳಿವೆ? ಎಲ್ಲರನ್ನೂ 'ಬುಡಕಟ್ಟು' ಅನ್ನಬಹುದಾ?

ಕರಾವಳಿ ಪಟ್ಟಿಯಲ್ಲಿ ಹಾಲಕ್ಕಿ ಒಕ್ಕಲಿಗರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಘಟ್ಟದ ಭಾಗ, ಶಿರಸಿಯ ಕೆಲವು ಕಡೆ ಸಿದ್ದಿಗಳು. ಜೋಯ್ಡಾದ ಕಾಡಿನ ಊರುಗಳಲ್ಲಿ ಕುಣಬಿಗಳು. ದನ, ಎಮ್ಮೆ ಸಾಕುವ ಗೌಳಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ದಡ್ಡಿಗಳಲ್ಲಿ, ಅಂದರೆ ತಮ್ಮದೇ ಕೇರಿಗಳಲ್ಲಿ, ಇದ್ದಾರೆ. ಭಟ್ಕಳದ ಕಡೆ ಗೊಂಡರು, ಅವರ ಢಕ್ಕೆ ಕುಣಿತ ಹೆಸರುವಾಸಿ.

ಸರಕಾರದ ಪಟ್ಟಿ ಬೇರೆ, ಜನರ ಬದುಕು ಬೇರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿ, ಕುಣಬಿ, ಗೌಳಿಗಳು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ, ಇನ್ನೂ ಆಗಿಲ್ಲ. ಗಡಿಯಾಚೆ ಗೋವೆಯಲ್ಲಿ ಕುಣಬಿಗಳಿಗೆ ಆ ಮಾನ್ಯತೆ ಸಿಕ್ಕಿದೆ. ಅದೇ ಜನ, ಅದೇ ಮಾತು, ನಡುವೆ ಒಂದು ಗಡಿ ರೇಖೆ. ಇದು ಇಲ್ಲಿನವರಿಗೆ ನೋವಿನ ವಿಷಯ. ಅವರೇ ಮಾತು ತೆಗೆದರೆ ಕೂತು ಕೇಳಿ.

ಮಾತಾಡುವಾಗ 'ಬುಡಕಟ್ಟಿನವರು' ಅಂತ ಕರೆಯುವ ಬದಲು ಹಾಲಕ್ಕಿ, ಸಿದ್ದಿ, ಕುಣಬಿ ಅಂತ ಅವರ ಹೆಸರು ಹಿಡಿದೇ ಹೇಳಿ. ಹಾಲಕ್ಕಿ ಹಿರಿಯರನ್ನು "ಗೌಡ್ರೇ" ಅಂತ, ಹೆಂಗಸರನ್ನು ವಯಸ್ಸು ನೋಡಿ "ಅಕ್ಕ", "ಅಜ್ಜಿ" ಅಂತ ಕರೆಯಬಹುದು. 'ಆದಿವಾಸಿ ಡ್ಯಾನ್ಸ್' ಅಂತ ಮಾತ್ರ ಯಾರ ಎದುರೂ ಹೇಳಬೇಡಿ.

ಸಿದ್ದಿಗಳು ಆಫ್ರಿಕಾದವರಲ್ವಾ?

ಅವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತಂದ ಜನರಲ್ಲಿ ಹಲವರು ತಪ್ಪಿಸಿಕೊಂಡು, ಕೆಲವರು ಬಿಡುಗಡೆಯಾಗಿ ಈ ಕಾಡುಗಳಿಗೆ ಬಂದು ನೆಲೆಸಿದರು. ಈಗ ಇರುವವರು ಹತ್ತಾರು ತಲೆಮಾರಿನಿಂದ ಇಲ್ಲಿಯವರು. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ನಮ್ಮದೇ ಕನ್ನಡ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಯಾವ ಧರ್ಮದವರಾದರೂ ಸಿದ್ದಿ ಅನ್ನುವ ನಂಟು ಗಟ್ಟಿ. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅವರು.

ಯಲ್ಲಾಪುರದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಸಿದ್ದಿ ಹುಡುಗಿಯನ್ನು ಪ್ರವಾಸಿಯೊಬ್ಬರು ಇಂಗ್ಲಿಷಿನಲ್ಲಿ "ಯಾವ ದೇಶ?" ಅಂತ ಕೇಳಿದರು. ಅವಳು ಅಚ್ಚ ಕನ್ನಡದಲ್ಲಿ "ಇಲ್ಲೇ, ಮಂಚಿಕೇರಿ ಹತ್ರ" ಅಂದಳು. ಅವರು ನಂಬಲಿಲ್ಲ, ಮತ್ತೆ ಕೇಳಿದರು. ಅವಳು ಕಿಟಕಿ ಕಡೆ ತಿರುಗಿ ಕೂತಳು. ತನ್ನ ಊರಿನ ಬಸ್ಸಿನಲ್ಲೇ ತಾನು ಇಲ್ಲಿಯವಳು ಅಂತ ಎರಡೆರಡು ಸಲ ಹೇಳಬೇಕಾಗಿ ಬಂತು ಅವಳಿಗೆ. ಆ ಪ್ರಶ್ನೆ ಕೇಳಬೇಡಿ. ಕೂದಲು ಮುಟ್ಟಿ ನೋಡಬೇಡಿ. ಮಕ್ಕಳದ್ದೂ ಮುಟ್ಟಬೇಡಿ.

ಡಮಾಮಿ ಎಲ್ಲಿ ನೋಡಬಹುದು?

ಡಮಾಮಿ ಅಂದರೆ ಚರ್ಮ ಬಿಗಿದ ಒಂದು ವಾದ್ಯ. ಅದನ್ನು ಬಾರಿಸುತ್ತ ಹಾಡಿ ಕುಣಿಯುವುದಕ್ಕೂ ಅದೇ ಹೆಸರು. ಕೆಲಸ ಮುಗಿದ ಸಂಜೆ, ಮದುವೆ, ಹಬ್ಬ, ಹಿರಿಯರ ಪೂಜೆ, ಇವೆಲ್ಲ ಅದರ ಹೊತ್ತು. ಹೆಂಗಸರು ಪುಗಡಿ ಅನ್ನುವ ಕುಣಿತವನ್ನೂ ಆಡುತ್ತಾರೆ.

ಯಲ್ಲಾಪುರ ತಾಲೂಕಿನಲ್ಲಿ ಸಿದ್ದಿ ಮಹಿಳೆಯರೇ ಸ್ವಸಹಾಯ ಸಂಘದ ಮೂಲಕ 'ಡಮಾಮಿ' ಹೆಸರಿನಲ್ಲಿ ಸಮುದಾಯ ಪ್ರವಾಸೋದ್ಯಮ ನಡೆಸುತ್ತಿದ್ದಾರೆ. ಉಳಿಯುವ ವ್ಯವಸ್ಥೆ, ಅವರ ಕೈಯಡುಗೆ, ಹಾಡು ಕುಣಿತ, ಎಲ್ಲ ಅವರದ್ದೇ ಲೆಕ್ಕದಲ್ಲಿ, ಅವರದ್ದೇ ಒಪ್ಪಿಗೆಯಲ್ಲಿ. ಮೊದಲ ಸಲ ಬರುವವರಿಗೆ ನಾನು ಹೇಳುವುದು ಇದನ್ನೇ. ದುಡ್ಡು ನೇರ ಆ ಹೆಂಗಸರ ಕೈಗೆ ಹೋಗುತ್ತದೆ. ಯಾವಾಗ ಕುಣಿಯಬೇಕು ಅನ್ನುವುದೂ ಅವರ ತೀರ್ಮಾನ. ಹೋಗುವ ಮೊದಲು ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.

ನನ್ನದೊಂದು ತಪ್ಪು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾಲ್ಕು ಜನ ಸ್ನೇಹಿತರನ್ನು ಕರೆದುಕೊಂಡು, ಹೇಳದೆ ಕೇಳದೆ, ಪರಿಚಯದ ಸಿದ್ದಿ ಕುಟುಂಬವೊಂದರ ಮನೆಗೆ ಹೋದೆ. ಬೆಲ್ಲ, ನೀರು ಕೊಟ್ಟು ಕೂರಿಸಿದರು. "ಸ್ವಲ್ಪ ಡಮಾಮಿ ಬಾರಿಸ್ತೀರಾ?" ಅಂತ ಕೇಳಿದೆ. ಮನೆಯ ಹಿರಿಯರು ಒಂದು ಕ್ಷಣ ಸುಮ್ಮನಿದ್ದು, "ಇವತ್ತು ಮುಟ್ಟುವುದಿಲ್ಲ ತಮ್ಮ, ಮೇಲಿನ ಮನೆಯಲ್ಲಿ ಸಾವಾಗಿದೆ" ಅಂದರು. ದನಿಯಲ್ಲಿ ಬೇಸರ ಇರಲಿಲ್ಲ. ನನಗೇ ತಲೆ ಎತ್ತಲಾಗಲಿಲ್ಲ. ಊರಲ್ಲಿ ಏನಾಗಿದೆ ಅಂತ ಮೊದಲು ಒಂದು ಮಾತು ಕೇಳಬಹುದಿತ್ತು. ಅವತ್ತಿನಿಂದ ಯಾರ ಮನೆಯಲ್ಲೂ ನಾನಾಗಿ ಹಾಡು, ಕುಣಿತ ಕೇಳಿಲ್ಲ. ಅವರಾಗಿ ಹಾಡಿದ್ದನ್ನು ಕೇಳಿದ್ದೇನೆ.

ಸಿದ್ದಿಗಳು ಎಲೆ, ಗರಿ ಕಟ್ಟಿಕೊಂಡು ಕುಣಿಯುತ್ತಾರಲ್ಲ, ಅದು ಯಾವ ಹಬ್ಬದಲ್ಲಿ?

ವೇದಿಕೆಯಲ್ಲಿ. ಮನೆಯ ಅಂಗಳದಲ್ಲಿ ಸೀರೆ, ಲುಂಗಿ, ಅಂಗಿಯಲ್ಲೇ ಕುಣಿಯುತ್ತಾರೆ.

ಫೋಟೊ, ವಿಡಿಯೊ ತೆಗೆಯಬಹುದಾ?

ಕೇಳಿ ತೆಗೆಯಿರಿ. ಗುಂಪಿನ ಕುಣಿತಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಆದರೆ ದೇವರ ಕಟ್ಟೆಯ ಮುಂದಿನ ಪೂಜೆ, ತುರಾಯಿ ಕಟ್ಟುವ ಹೊತ್ತು, ಕೊನೆಯಲ್ಲಿ ವೇಷ ಕಳಚುವ ಹೊತ್ತು ಕ್ಯಾಮೆರಾ ಒಳಗಿಡಿ. ಡ್ರೋನ್ ಬೇಡವೇ ಬೇಡ.

ಹಿರಿಯ ಹಾಲಕ್ಕಿ ಹೆಂಗಸರ ಫೋಟೊ ವಿಷಯದಲ್ಲಿ ಇನ್ನಷ್ಟು ಎಚ್ಚರ ಇರಲಿ. ಅವರು ಸೀರೆ ಉಡುವ ರೀತಿ ಬೇರೆ. ರವಿಕೆ ಇಲ್ಲದೆ, ಹೆಗಲ ಮೇಲೆ ಗಂಟು ಹಾಕಿ ಉಡುತ್ತಾರೆ, ಕೊರಳ ತುಂಬ ಕರಿಮಣಿ ಮತ್ತು ಬಣ್ಣದ ಮಣಿಸರಗಳು. ಅವರಿಗೆ ಅದು ದಿನದ ಉಡುಗೆ. ಮೀನು ಮಾರುಕಟ್ಟೆಯಲ್ಲಿ, ಗದ್ದೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಉಡುಗೆಯಲ್ಲಿ ಇರುತ್ತಾರೆ. ದೂರದಿಂದ ಜೂಮ್ ಹಾಕಿ ತೆಗೆದು ಜಾಲತಾಣಕ್ಕೆ ಹಾಕುವುದು ಸರಿಯಲ್ಲ. ನಿಮ್ಮ ಅಜ್ಜಿ ತರಕಾರಿ ಕೊಳ್ಳುವಾಗ ಯಾರೋ ಹಾಗೆ ಮಾಡಿದರೆ ನೀವು ಬಿಡುತ್ತೀರಾ?

ಸಾವಿರಾರು ಗಿಡ ಬೆಳೆಸಿದ ಹಾಲಕ್ಕಿ ಅಜ್ಜಿ ತುಳಸಿ ಗೌಡ ಅವರು ಇದೇ ಉಡುಗೆಯಲ್ಲಿ, ಬರಿಗಾಲಲ್ಲಿ, ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡು ಬಂದರು. 2021ರ ನವೆಂಬರ್. ಆ ಫೋಟೊವನ್ನು ದೇಶವೆಲ್ಲ ನೋಡಿತು. ಅಲ್ಲಿಗೆ ಏನು ಉಟ್ಟು ಹೋಗಬೇಕು ಅನ್ನುವುದನ್ನು ಅವರೇ ತೀರ್ಮಾನಿಸಿದ್ದರು.

ಆ ಮಣಿಸರ, ಉಡುಗೆ ನಾವು ತೊಟ್ಟು ನೋಡಬಹುದಾ?

ಮನೆಯವರೇ ಪ್ರೀತಿಯಿಂದ ಉಡಿಸಿದರೆ ಉಟ್ಟುಕೊಳ್ಳಿ. ನೀವಾಗಿ ಬಾಡಿಗೆಗೆ ಕೇಳಬೇಡಿ. ಮಣಿ ಬೇಕಿದ್ದರೆ ಅಂಕೋಲೆ ಪೇಟೆಯಲ್ಲಿ ಕೊಳ್ಳಬಹುದು. ಅಜ್ಜಿಯ ಕೊರಳಲ್ಲಿರುವುದನ್ನು ಬೆಲೆ ಕೇಳುವುದು ಬೇಡ.

ಗುಮಟೆ ಕೊಂಡುಕೊಂಡು ಹೋಗಬಹುದಾ?

ಮೊದಲು ಗುಮಟೆಯನ್ನು ಹತ್ತಿರದಿಂದ ನೋಡಿ. ಎರಡೂ ಕಡೆ ಬಾಯಿ ಇರುವ ಮಣ್ಣಿನ ಮಡಕೆ ಅದು. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮದ ಮೇಲೆ ಬಡಿಯುತ್ತಿದ್ದರೆ ಎಡಗೈ ಅಂಗೈ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತದೆ. ಆ 'ಗುಂ' ಅನ್ನುವ ದನಿ ಉಬ್ಬುವುದು, ಇಳಿಯುವುದು ಆ ಅಂಗೈಯಿಂದ. ಗುಮಟೆ ಬಾರಿಸುತ್ತ ಕೂಡಿ ಹಾಡುವುದಕ್ಕೆ ಗುಮಟೆ ಪಾಂಗ್ ಅನ್ನುತ್ತಾರೆ.

ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ, ಅದರ ಚರ್ಮ ಇಟ್ಟುಕೊಳ್ಳುವುದೂ ಅಪರಾಧ. ಈಗ ಆಡಿನ ಚರ್ಮ ಕಟ್ಟುತ್ತಾರೆ. ಕೊಳ್ಳುವುದಿದ್ದರೆ ಆಡಿನ ಚರ್ಮದ್ದೇ ಕೊಳ್ಳಿ. "ಹಳೇ ಕಾಲದ್ದು, ಒರಿಜಿನಲ್" ಅಂತ ಯಾರಾದರೂ ತೋರಿಸಿದರೆ ದೂರ ಇರಿ. ರೈಲಿನಲ್ಲಿ ಒಯ್ಯುವಾಗ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಿ, ಮಣ್ಣಿನದಲ್ವಾ.

ಬೇರೆ ಏನು ಕೊಳ್ಳಬಹುದು?

ಸಿದ್ದಿ ಹೆಂಗಸರು ಹೊಲಿಯುವ ಕೌದಿ. ಹಳೇ ಸೀರೆ, ಹಳೇ ಅಂಗಿಯ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಕೂರಿಸುತ್ತಾರೆ. ಮೂಲೆಯ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ ಇದ್ದ ಹಾಗೆ. ಒಂದು ಕೌದಿಗೆ ವಾರಗಟ್ಟಲೆ ಕೆಲಸ ಇರುತ್ತದೆ, ಅದಕ್ಕೇ ಬೆಲೆ ಜಾಸ್ತಿ ಅನ್ನಿಸಬಹುದು. ಚೌಕಾಸಿ ಮಾಡಬೇಡಿ. ನಮ್ಮ ಮನೆಯಲ್ಲಿ ಒಂದಿದೆ. ಮಳೆಗಾಲದ ರಾತ್ರಿ ಅದನ್ನು ಯಾರು ಹೊದೆಯಬೇಕು ಅಂತ ಮಕ್ಕಳಲ್ಲಿ ಈಗಲೂ ಜಗಳ.

ಜೋಯ್ಡಾದ ಗೆಡ್ಡೆ ಗೆಣಸು ಮೇಳಕ್ಕೆ ಹೋಗುವುದು ಹೇಗೆ?

ಸಾಮಾನ್ಯವಾಗಿ ಜನವರಿ ಹೊತ್ತಿಗೆ ಜೋಯ್ಡಾದಲ್ಲಿ ನಡೆಯುತ್ತದೆ. ಸುತ್ತಮುತ್ತಲಿನ ಊರುಗಳಿಂದ ಕುಣಬಿ ರೈತರು ತಾವು ಬೆಳೆದ, ಉಳಿಸಿಕೊಂಡು ಬಂದ ಗೆಡ್ಡೆಗಳನ್ನು ಹೊತ್ತು ತರುತ್ತಾರೆ. ಮುಡ್ಲಿ, ಬಗೆಬಗೆಯ ಕಣಗ, ಗೆಣಸು. ಕೆಲವು ಗೆಡ್ಡೆಗಳು ಮಗುವಿನಷ್ಟು ದೊಡ್ಡದು. ಮಣ್ಣು ಕೊಡವದೆ ಹಾಗೇ ಇಟ್ಟಿರುತ್ತಾರೆ. ಬೆಳೆಸಿದ ಹೆಂಗಸರೇ ಕೂತಿರುತ್ತಾರೆ. ಯಾವುದನ್ನು ಬೇಯಿಸಬೇಕು, ಯಾವುದನ್ನು ಸುಡಬೇಕು, ಯಾವುದು ಗಂಟಲು ತುರಿಸುತ್ತದೆ, ಎಲ್ಲ ಅವರ ಬಾಯಲ್ಲೇ ಕೇಳಿ. ಬೀಜದ ಗೆಡ್ಡೆ ಕೇಳಿದರೆ ಖುಷಿಯಿಂದ ಕೊಡುತ್ತಾರೆ. ನಾನು ತಂದ ಮುಡ್ಲಿ ನಮ್ಮ ಹಿತ್ತಿಲಲ್ಲಿ ಎರಡನೇ ವರ್ಷಕ್ಕೆ ಚೆನ್ನಾಗಿ ಹಿಡಿದುಕೊಂಡಿತು.

ಇದು ದೊಡ್ಡ ಜಾತ್ರೆಯಲ್ಲ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಗೆಡ್ಡೆಗಳು ಖಾಲಿಯಾಗಿರುತ್ತವೆ. ಕಾರವಾರದಿಂದ ಕದ್ರಾ, ಅಣಶಿ ಘಟ್ಟದ ಮೇಲೆ ಹೋಗಬಹುದು. ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹಾಯುತ್ತದೆ. ರಸ್ತೆ ಬಿಟ್ಟು ಕಾಡಿಗೆ ಇಳಿಯುವ ಹಾಗಿಲ್ಲ. ಅಲ್ಲಿನ ಕುಣಬಿ ಊರುಗಳಿಗೆ ಹೋಗುವುದಾದರೆ ಊರಿನವರ ಜೊತೆ ಹೋಗಿ.

ಊಟಕ್ಕೆ ಏನಿರುತ್ತದೆ? ಕೆಂಪಿರುವೆ ಚಟ್ನಿ ತಿನ್ನಲೇಬೇಕಾ?

ಕುಚಲಕ್ಕಿ ಗಂಜಿ, ಮೀನು ಸಾರು, ಒಣಮೀನು, ಸೊಪ್ಪು, ಗೆಡ್ಡೆ ಪಲ್ಯ. ಕೆಂಪಿರುವೆಗೆ ನಮ್ಮ ಕಡೆ ಚಗಳಿ ಅನ್ನುತ್ತಾರೆ. ಅದರ ಚಟ್ನಿ ಹುಳಿ ಹುಳಿಯಾಗಿ, ಖಾರವಾಗಿ ಚೆನ್ನಾಗಿರುತ್ತದೆ. ತಿನ್ನಲೇಬೇಕು ಅಂತೇನಿಲ್ಲ. "ನಮಗೆ ರೂಢಿ ಇಲ್ಲ" ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಮುಖ ಸಿಂಡರಿಸಿ, "ಇದನ್ನೂ ತಿಂತಾರಾ" ಅಂತ ವಿಡಿಯೊ ಮಾಡುವುದು ಮಾತ್ರ ಬೇಡ.

ಯಾರ ಮನೆಗೆ ಹೋದರೂ "ಆಸ್ರಿಗೆ ಬೇಕಾ?" ಅಂತ ಕೇಳುತ್ತಾರೆ. ಕುಡಿಯುವುದಕ್ಕೆ ಏನಾದರೂ ಬೇಕಾ ಅಂತ ಅರ್ಥ. ಬೇಡ ಅನ್ನಬೇಡಿ. ಒಂದು ಲೋಟ ನೀರಾದರೂ ಕುಡಿಯಿರಿ.

ಹಬ್ಬಕ್ಕೆ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು? ಮದ್ಯ?

ಹಣ್ಣು, ಬೆಲ್ಲ, ಎಲೆ ಅಡಿಕೆ. ಮಕ್ಕಳಿಗೆ ಚಾಕೊಲೇಟ್ ಹಂಚುತ್ತ ಓಡಾಡಬೇಡಿ. ಕೊಡಬೇಕು ಅನ್ನಿಸಿದರೆ ಊರಿನ ಶಾಲೆಗೆ ಪುಸ್ತಕ ಕೊಡಿ.

ಮದ್ಯ ಖಂಡಿತ ಬೇಡ. ಬಡಿಗೇರಿಯ ಸುಕ್ರಜ್ಜಿ, ಅಂದರೆ ಸುಕ್ರಿ ಬೊಮ್ಮಗೌಡ, ಹಾಲಕ್ಕಿ ಹಾಡುಗಳ ಕಣಜವೇ ಆಗಿದ್ದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ಸುಕ್ರಜ್ಜಿ ತಮ್ಮ ಊರಲ್ಲಿ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರು. ಕುಡಿತ ಎಷ್ಟು ಮನೆ ಹಾಳು ಮಾಡಿದೆ ಅಂತ ಅವರಿಗೆ ಗೊತ್ತಿತ್ತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆ ಊರುಗಳಿಗೆ ಬಾಟಲಿ ಹಿಡಿದು ಹೋಗಲು ಮನಸ್ಸಾದರೂ ಹೇಗೆ ಬರುತ್ತದೆ?

ಶಿರಸಿಯ ಮಾರಿಕಾಂಬಾ ಜಾತ್ರೆ, ಬೇಡರ ವೇಷ ಬುಡಕಟ್ಟಿನ ಹಬ್ಬಗಳಾ?

ಅಲ್ಲ, ಎರಡೂ ಇಡೀ ಶಿರಸಿಯವು. ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024, ಹೀಗೆ ಸಮ ಸಂಖ್ಯೆಯ ವರ್ಷಗಳಲ್ಲಿ. ಅದರ ಪೂಜೆ, ವಿಧಿಗಳಲ್ಲಿ ಅಸಾದಿಗಳು ಸೇರಿ ಹಲವು ಸಮುದಾಯಗಳಿಗೆ ಅವರವರದ್ದೇ ಕೆಲಸ ಇದೆ. ಅದನ್ನು ಗಮನಿಸಿ ನೋಡಿದರೆ ಜಾತ್ರೆ ಬೇರೆಯೇ ಕಾಣುತ್ತದೆ.

ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ. ಬೆನ್ನಿಗೆ ನವಿಲುಗರಿಯ ದೊಡ್ಡ ಚಕ್ರ ಕಟ್ಟಿ, ಮುಖಕ್ಕೆ ಬಣ್ಣ ಬಳಿದು, ಕತ್ತಿ ಗುರಾಣಿ ಹಿಡಿದು ರಾತ್ರಿಯಿಡೀ ಬೀದಿಯಲ್ಲಿ ಕುಣಿಯುತ್ತಾರೆ. ವೇಷದವರನ್ನು ಹಿಂದಿನಿಂದ ಇಬ್ಬರು ಹಗ್ಗದಲ್ಲಿ ಹಿಡಿದಿರುತ್ತಾರೆ. ಸೋಂದೆ ಅರಸರ ಕಾಲದ ಬೇಡನೊಬ್ಬನ ಕತೆ ಇದರ ಹಿಂದಿದೆ ಅಂತ ಶಿರಸಿಯವರು ಹೇಳುತ್ತಾರೆ. ಚಿಕ್ಕ ಮಕ್ಕಳನ್ನು ತೀರಾ ಮುಂದೆ ನಿಲ್ಲಿಸಬೇಡಿ, ಹೆದರುತ್ತಾರೆ.

ಗೌಳಿಗಳ ಹಬ್ಬ?

ದಸರಾ, ದೀಪಾವಳಿ. ದನ, ಎಮ್ಮೆಗಳಿಗೆ ಮೈ ತೊಳೆದು ಬಣ್ಣ ಹಚ್ಚಿ ಸಿಂಗಾರ ಮಾಡುತ್ತಾರೆ. ದಡ್ಡಿಯವರ ಪರಿಚಯ ಇದ್ದರೆ ಮಾತ್ರ ಹೋಗಿ. ಜಾನುವಾರುಗಳಿಗೆ ಹೊಸಬರನ್ನು ಕಂಡರೆ ಗಾಬರಿ.

ಅಷ್ಟೆಲ್ಲ ತಿರುಗುವುದಕ್ಕೆ ಸಮಯ ಇಲ್ಲ. ಕರಾವಳಿ ಉತ್ಸವ, ಕದಂಬೋತ್ಸವ ನೋಡಿದರೆ ಸಾಲದಾ?

ಕಾರವಾರದ ಕರಾವಳಿ ಉತ್ಸವ, ಬನವಾಸಿಯ ಕದಂಬೋತ್ಸವಗಳಲ್ಲಿ ಹಾಲಕ್ಕಿ, ಸಿದ್ದಿ ತಂಡಗಳು ಬರುತ್ತವೆ. ಕಲಾವಿದರಿಗೆ ಸಂಭಾವನೆ ಸಿಗುತ್ತದೆ, ನೂರಾರು ಜನ ಚಪ್ಪಾಳೆ ತಟ್ಟುತ್ತಾರೆ. ಅದೂ ಒಳ್ಳೆಯದೇ. ಆದರೆ ಅಂಗಳದಲ್ಲಿ ಅರ್ಧ ತಾಸು ನಡೆಯುವ ಕುಣಿತವನ್ನು ವೇದಿಕೆಯಲ್ಲಿ ಐದು ನಿಮಿಷಕ್ಕೆ ಮುಗಿಸಬೇಕಾಗುತ್ತದೆ. ಹಾಡಿನ ಕತೆ ಅರ್ಧಕ್ಕೇ ನಿಲ್ಲುತ್ತದೆ. ವೇದಿಕೆಯಲ್ಲಿ ನೋಡಿ ಇಷ್ಟವಾದರೆ, ಕಾರ್ಯಕ್ರಮ ಮುಗಿದ ಮೇಲೆ ತಂಡದವರನ್ನು ಮಾತಾಡಿಸಿ, "ನಿಮ್ಮೂರಲ್ಲಿ ಹಬ್ಬ ಯಾವಾಗ, ನಾವು ಬರಬಹುದಾ?" ಅಂತ ಕೇಳಿ. ನನಗೆ ಗೊತ್ತಿರುವ ಎಷ್ಟೋ ಗಟ್ಟಿ ಸ್ನೇಹಗಳು ಹಾಗೇ ಶುರುವಾದವು.

ದಾರಿ ಹೇಗೆ? ಮಳೆಗಾಲದಲ್ಲಿ ಬರಬಹುದಾ?

ಕೊಂಕಣ ರೈಲ್ವೆಯಲ್ಲಿ ಬಂದರೆ ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರದಲ್ಲಿ ಇಳಿಯಬಹುದು. ಎಲ್ಲ ರೈಲೂ ಎಲ್ಲ ಕಡೆ ನಿಲ್ಲುವುದಿಲ್ಲ. ಹುಬ್ಬಳ್ಳಿ ಕಡೆಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬಸ್ಸು ಇದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾ. ಕೊನೆಯ ಮೂರ್ನಾಲ್ಕು ಕಿಲೋಮೀಟರಿಗೆ ಆಟೊ ಹಿಡಿಯಬೇಕಾಗಬಹುದು, ಇಲ್ಲವೇ ನಡೆಯಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಉಂಬಳ, ಮಂಜು, ರಸ್ತೆ ಮೇಲೆ ನೀರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಜೋರು ಮಳೆಯ ಎಚ್ಚರಿಕೆ ಕೊಟ್ಟ ದಿನ ಹೊರಡಬೇಡಿ.

ಒಬ್ಬಳೇ ಬರುವ ಹೆಣ್ಣುಮಗಳಿಗೆ ತೊಂದರೆ ಇಲ್ವಾ?

ಹಳ್ಳಿಯ ಮನೆಗಳಲ್ಲಿ ಹೆಂಗಸರ ಜೊತೆ ಇದ್ದರೆ ನಿಶ್ಚಿಂತೆ. ಹೋಳಿಯ ರಾತ್ರಿ ಪೇಟೆಯಲ್ಲಿ ನೂಕುನುಗ್ಗಲು ಜಾಸ್ತಿ, ಆಗ ಜೊತೆ ಇರಲಿ. ಎಲ್ಲಿ ಉಳಿಯುವುದು ಅಂತ ಹಗಲಲ್ಲೇ ಗೊತ್ತು ಮಾಡಿಕೊಳ್ಳಿ.

ಯಾವ ಹಬ್ಬವೂ ಇಲ್ಲದ ಹೊತ್ತಿಗೆ ಬಂದರೆ?

ನನ್ನನ್ನು ಕೇಳಿದರೆ ಆಗಲೇ ಬನ್ನಿ ಅನ್ನುತ್ತೇನೆ. ಹಬ್ಬದಲ್ಲಿ ಮನೆಯವರಿಗೆ ನಿಮ್ಮ ಜೊತೆ ಕೂರಲು ಪುರುಸೊತ್ತು ಇರುವುದಿಲ್ಲ.

ನಾಟಿ ಹೊತ್ತಿಗೆ ಬಂದರೆ ಗದ್ದೆಯಲ್ಲಿ ಹಾಲಕ್ಕಿ ಹೆಂಗಸರ ಹಾಡು ಕೇಳಬಹುದು. ಒಬ್ಬರು ಸಾಲು ಎತ್ತಿದರೆ ಉಳಿದವರು ಬಾಗಿಕೊಂಡೇ ಅದನ್ನು ಮುಂದುವರಿಸುತ್ತಾರೆ. ಕೈ ಸಸಿ ನೆಡುತ್ತಲೇ ಇರುತ್ತದೆ. ತಾರ್ಲೆ ಅನ್ನುವ ಹಾಲಕ್ಕಿ ಹೆಂಗಸರ ಹಾಡು ಗೊತ್ತಿರುವ ಅಜ್ಜಿಯರು ಈಗ ಕಡಿಮೆಯಾಗುತ್ತಿದ್ದಾರೆ. ಇದ್ದವರಿಗೆ ಕೇಳುವವರು ಬೇಕು. ತುಳಸಿ ಗೌಡ ಅವರ ಹೊನ್ನಳ್ಳಿಯ ಕಡೆಗೂ ಹೋಗಬಹುದು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅವರು ಬೀಜ ಹಾಕಿ, ಸಸಿ ಎಬ್ಬಿಸಿ ಬೆಳೆಸಿದ ಎಷ್ಟೋ ಗಿಡಗಳು ಈಗ ದೊಡ್ಡ ಮರಗಳು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಕಾಡಿನ ಬಗ್ಗೆ ಅವರ ಹಾಗೆ ಮಾತಾಡುವ ಹಿರಿಯರು ಇನ್ನೂ ಕೆಲವರು ಆ ಕಡೆಯ ಕೊಪ್ಪಗಳಲ್ಲಿದ್ದಾರೆ.

ಕಳೆದ ಮಳೆಗಾಲ ಮೈಸೂರಿನಿಂದ ಬಂದ ದಂಪತಿ ಮೂರು ದಿನ ನಮ್ಮ ಮನೆಯಲ್ಲಿದ್ದರು. ಕುಣಿತ, ವೇಷ ಏನೂ ಇರಲಿಲ್ಲ. ಪಕ್ಕದ ಕೊಪ್ಪದ ಅಜ್ಜಿಯೊಬ್ಬರ ಜೊತೆ ಜಗಲಿಯಲ್ಲಿ ಕೂತು ಹುಣಸೆ ಬೀಜ ಬಿಡಿಸಿದರು. ಹೊರಡುವ ದಿನ ಆ ಅಜ್ಜಿ, "ಸುಗ್ಗಿಗೆ ಬನ್ನಿ, ನಮ್ಮ ಮೊಮ್ಮಗ ಈ ಸಲ ತುರಾಯಿ ಕಟ್ತಾನೆ" ಅಂದರು. ಮಾರ್ಚ್‌ನಲ್ಲಿ ಅವರು ಬಂದರು. ಅಜ್ಜಿಯ ಅಂಗಳದಲ್ಲೇ ಕೂತು ನೋಡಿದರು.